ಕರೆದರೆ ಬರುತ್ತಿದ್ದ ಹೋರಿ

ದೊಡ್ಡೀರಪ್ಪನ ಕೈಯಲ್ಲಿ ನಾನು ಒಮ್ಮೆಯೂ ಕೋಲು ನೋಡಲಿಲ್ಲ. ಸಂಜೆಯ ಬಿಸಿಲು ಹುಲ್ಲಿನ ಮೇಲೆ ವಾಲುವ ಹೊತ್ತಿಗೆ ಆತ ದಿಬ್ಬದಿಂದ ಬರಿಗೈ ಬೀಸುತ್ತ ಇಳಿದು ಬರುತ್ತಿದ್ದ. ಅವನ ಹಿಂದೆ, ಯಾರೂ ಅಟ್ಟದೆ, ಮುನ್ನೂರು ದನ ಇಳಿದು ಬರುತ್ತಿದ್ದವು. ಯಾವುದಾದರೂ ಹಸು ದಾರಿ ಬಿಟ್ಟರೆ ಆತ ಗಂಟಲಲ್ಲೇ ಒಂದು ಸದ್ದು ಮಾಡುವನು. ಅದು ಮೇಯುವುದನ್ನು ಬಿಟ್ಟು ತಿರುಗಿ ಬರುವುದು. ಆ ಊರಿಗೆ ಪಶುವೈದ್ಯನಾಗಿ ಹೋದ ಮೊದಲ ವಾರದಲ್ಲೇ ಈ ನೋಟ ಕಂಡು ನಾನು ಮರುಳಾಗಿದ್ದೆ.

ತಳಿಯ ಹೋರಿಗಳನ್ನು ಬೆಳೆಸುವುದರಲ್ಲಿ ಹೆಸರಾದ ಮನೆತನ ಅವರದು. ಆದರೆ ನಾನು ಹೋಗುವ ಕಾಲಕ್ಕೆ ಮನೆಯಲ್ಲಿ ಉಳಿದವರು ಇಬ್ಬರೇ. ಹೆಂಡತಿಯನ್ನು ಕಳೆದುಕೊಂಡ ದೊಡ್ಡೀರಪ್ಪ, ಮತ್ತು ಅವನ ತಮ್ಮನ ಹೆಂಡತಿ ಕ್ಯಾತಮ್ಮ. ತಮ್ಮ ಪಾತಲಿಂಗ ಇಪ್ಪತ್ತೊಂದು ವರ್ಷಗಳ ಹಿಂದೆ ಮನೆಯ ಅತ್ಯುತ್ತಮ ಹೋರಿಯನ್ನು ಕದ್ದು ಊರು ಬಿಟ್ಟನೆಂದು ಎಲ್ಲರೂ ಹೇಳುತ್ತಿದ್ದರು. ಪೊಲೀಸರು ಮೂರು ಜಾತ್ರೆ, ಎಂಟು ಸಂತೆ ಹುಡುಕಿ, ಮನುಷ್ಯನೂ ಸಿಗದೆ ಹೋರಿಯೂ ಸಿಗದೆ ಕಡತ ಕಟ್ಟಿಟ್ಟಿದ್ದರು. ಅಂದಿನಿಂದ ಕ್ಯಾತಮ್ಮ ಕಳ್ಳನ ಹೆಂಡತಿ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಜಾಗ ಬಿಡುತ್ತಿದ್ದರು, ಅದು ಮರ್ಯಾದೆಯಿಂದಲ್ಲ. ಗಂಡ ಸತ್ತನೆಂದು ಯಾರೂ ಹೇಳದ ಕಾರಣ ಅವಳು ಕುಂಕುಮವನ್ನೂ ಬಿಟ್ಟಿರಲಿಲ್ಲ.

ನನ್ನ ನಿವೃತ್ತಿಗೆ ಒಂಬತ್ತು ತಿಂಗಳಿದ್ದಾಗ ಹುಲ್ಲುಗಾವಲಿನ ಅಂಚಿನಲ್ಲಿ ದನಗಳಿಗೆ ನೀರಿನ ಕಟ್ಟೆ ತೋಡಲು ಶುರುಮಾಡಿದರು. ಮೂರನೆಯ ದಿನ ಬೆಳಿಗ್ಗೆ ಕೆಲಸದವರು ಓಡಿ ಬಂದರು. ಆಳದಲ್ಲಿ ದನದ ಮೂಳೆ ಸಿಕ್ಕಿತ್ತು. ನೆರಡಿ, ಅಂದರೆ ಆಂಥ್ರಾಕ್ಸ್ ರೋಗದಿಂದ ಸತ್ತ ದನವನ್ನು ಹೂತ ಗುಂಡಿಯಾದರೆ ಅದನ್ನು ಕೆದಕಬಾರದು. ಎಷ್ಟು ವರ್ಷವಾದರೂ ಆ ಮಣ್ಣಿನಲ್ಲಿ ವಿಷ ಇರುತ್ತದೆ. ಎಲ್ಲರನ್ನೂ ದೂರ ಕಳಿಸಿ ನಾನೊಬ್ಬನೇ ಇಳಿದೆ.

ದೊಡ್ಡ ಹೋರಿಯ ಬುರುಡೆ. ಕೊಂಬಿನ ತುದಿಗಳಲ್ಲಿ ಟೊಪ್ಪಿಗೆಯಂತೆ ತೊಡಿಸಿದ್ದ, ಹಸಿರುಗಟ್ಟಿದ ಹಿತ್ತಾಳೆಯ ಅಣಸುಗಳು ಇನ್ನೂ ಇದ್ದವು. ಹಣೆಯ ನಟ್ಟನಡುವೆ ಒಂದು ತೂತು, ಹಾರೆಯಿಂದ ಒಂದೇ ಏಟಿಗೆ ಆದದ್ದು. ರೋಗದಿಂದ ಸತ್ತ ದನವಲ್ಲ ಅದು. ಪಕ್ಕೆಲುಬುಗಳ ಕೆಳಗೆ ಕೈಯಾಡಿಸಿದೆ. ಬೆಳ್ಳಿಯ ಉಡಿದಾರವೊಂದು ಬೆರಳಿಗೆ ಸಿಕ್ಕಿತು. ಅದರ ಸುತ್ತ ಇದ್ದ ಮೂಳೆಗಳು ದನದವಲ್ಲ.

ತಲೆಯೆತ್ತಿದರೆ ಗುಂಡಿಯ ಅಂಚಿನಲ್ಲಿ ದೊಡ್ಡೀರಪ್ಪ ನಿಂತಿದ್ದ.

"ರೋಗದ ಗುಂಡಿ ಅಂತ ಬರೀರಿ, ಡಾಕ್ಟ್ರೇ," ಎಂದ. ದನಿಯಲ್ಲಿ ಬೆದರಿಕೆಯಿರಲಿಲ್ಲ, ಬೇಡಿಕೆಯೂ ಇರಲಿಲ್ಲ. "ಮುಚ್ಚಿಸಿಬಿಡಾನ."

ನಾನು ಮುಚ್ಚಿಸಿದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆತನ ಮೇಲಿನ ಅಭಿಮಾನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ದಣಿವು. ಮೂವತ್ತು ವರ್ಷ ಊರೂರು ತಿರುಗಿ ಸಾಕಾಗಿತ್ತು. ಠಾಣೆ, ಸಾಕ್ಷಿ, ಕೋರ್ಟು ಯಾವುದೂ ನನಗೆ ಬೇಕಿರಲಿಲ್ಲ. ಸತ್ತವನು ಸತ್ತಿದ್ದಾನೆ, ಇದ್ದವರು ಹೇಗೋ ಇದ್ದಾರೆ ಎಂದು ಸಮಾಧಾನ ಹೇಳಿಕೊಂಡೆ. ಉಡಿದಾರವನ್ನು ಮಾತ್ರ ಯಾಕೋ ಅಲ್ಲಿ ಬಿಡಲಾಗದೆ ಜೇಬಿಗೆ ಹಾಕಿಕೊಂಡು ಬಂದಿದ್ದೆ.

ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಯಾರೂ ಇಲ್ಲದಾಗ ಕ್ಯಾತಮ್ಮ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೊಸ್ತಿಲಲ್ಲೇ ಕೂತಳು.

"ಗುಂಡೀಲಿ ಹೋರಿ ಸಿಕ್ತಂತೆ."

"ಹೌದಮ್ಮ. ಹಳೇದು."

"ಕೊಂಬಿಗೆ ಅಣಸು ಇದ್ವಾ?"

ಅವಳು ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

"ಆವತ್ತು ಪೊಲೀಸ್ನೋರಿಗೆ ಒಂದು ಮಾತು ಹೇಳಿದ್ದೆ, ಸಾಮಿ. ಆ ಹೋರಿ ನಮ್ಮೋರಿಗೆ ಆಗ್ತಿರಲಿಲ್ಲ. ಹತ್ರ ಹೋದ್ರೆ ಹಾಯೋಕೆ ಬರ್ತಿತ್ತು. ಒಂದ್ಸಲ ತೊಡೆ ಸೀಳಿತ್ತು. ಹಗ್ಗ ಹಾಕಾಕೂ ಬಿಡದಿರೋ ಹೋರೀನ ಅವ್ರು ಹೆಂಗೆ ಹೊಡ್ಕೊಂಡು ಹೋಗ್ತಾರೆ ಅಂದೆ. ನಕ್ಕರು. ಹೆಂಡ್ತಿ ಅಲ್ವಾ, ಹಿಂಗೇ ಹೇಳ್ತಾಳೆ ಅಂದ್ರು."

"ಅದು ಯಾರ ಮಾತು ಕೇಳ್ತಿತ್ತು?" ಎಂದೆ. ಕೇಳುವಾಗಲೇ ಉತ್ತರ ನನ್ನ ಮುಂದೆ ನಿಂತಿತ್ತು. ಹಣೆಗೆ ಹಾರೆ ಬೀಳುವವರೆಗೂ ಅಲುಗದೆ ನಿಂತ ಹೋರಿ. ಮುನ್ನೂರು ದನದ ಮುಂದೆ ಬರಿಗೈಯಲ್ಲಿ ನಡೆಯುವ ಮನುಷ್ಯ.

"ಒಬ್ಬರದೇ," ಎಂದಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಂತ ಹೇಳಾಕಾಗಲ್ಲ. ಗೊತ್ತಿರಲಿಲ್ಲ ಅಂದ್ರೆ ಅದೂ ಸುಳ್ಳು. ದಿನಾ ಮುದ್ದೆ ಇಕ್ಕೋವಾಗ ಅವರ ಕೈ ನೋಡ್ತಿದ್ದೆ. ಕೇಳಬೇಕು ಅನ್ಸೋದು. ಕೇಳಿದ್ರೆ ಮತ್ತೆಲ್ಲಿ ಹೋಗಲಿ? ಹೋದ್ರೆ, ಕಳ್ಳನ ಹೆಂಡ್ತೀನೂ ಓಡಿ ಹೋದ್ಲು ಅಂತಿದ್ರು. ಅದಕ್ಕೇ ಕೂತೆ."

ಜೇಬಿನಿಂದ ಉಡಿದಾರ ತೆಗೆದು ಅವಳ ಮುಂದಿಟ್ಟೆ. ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಕೊಂಡಿಯ ಬಳಿ ತಾಮ್ರದ ತಂತಿ ಸುತ್ತಿ ಬಿಗಿದಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಇದನ್ನ ನಾನೇ ಕಟ್ಟಿದ್ದು," ಎಂದಳು.

ಅಂದೇ ವರದಿ ಬರೆದೆ, ಗುಂಡಿ ಮುಚ್ಚಿಸಿದ್ದನ್ನೂ ಸೇರಿಸಿ. ಠಾಣೆಗೆ ಕೊಡುವ ಮೊದಲು ದೊಡ್ಡೀರಪ್ಪನಿಗೆ ಹೇಳಬೇಕೆನಿಸಿ ದೊಡ್ಡಿಗೆ ಹೋದೆ. ಆತ ಕರುವೊಂದರ ಕಿವಿಯಿಂದ ಉಣ್ಣಿ ಕೀಳುತ್ತ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ ಕೆಲಸ ನಿಲ್ಲಿಸಲಿಲ್ಲ.

"ಹಿಂಡು ಪಾಲು ಮಾಡು ಅಂದ," ಎಂದು ತಾನಾಗಿ ಶುರುಮಾಡಿದ. "ಆ ಹೋರಿ ನನ್ನ ಪಾಲಿಗೆ ಬರಬೇಕು, ಮಾರ್ತೀನಿ ಅಂದ. ಬೇಡ ಅಂದೆ. ಮಾತಿಗೆ ಮಾತು ಬೆಳೀತು. ನೂಕಿದೆ. ಕಲ್ಲಿನ ಮೇಲೆ ಬಿದ್ದ. ಮತ್ತೆ ಏಳಲಿಲ್ಲ."

"ಆಗಲೇ ಹೇಳಿದ್ದರೆ..."

"ಹೆದರಿದೆ. ಮನುಷ್ಯ ಒಬ್ಬನೇ ಇಲ್ಲ ಅಂದ್ರೆ ಹುಡುಕ್ತಾರೆ, ಜೊತೇಗೆ ಹೋರೀನೂ ಇಲ್ಲ ಅಂದ್ರೆ ಓಡಿ ಹೋದ ಅಂತಾರೆ ಅನ್ನಿಸ್ತು." ಕರುವಿನ ಕಿವಿಯನ್ನು ಬಿಟ್ಟ. "ತಮ್ಮನ್ನ ಬೇಕು ಅಂತ ಕೊಲ್ಲಲಿಲ್ಲ ಡಾಕ್ಟ್ರೇ. ಆದ್ರೆ ಹೋರೀನ ಬೇಕು ಅಂತಲೇ ಕೊಂದೆ. ಗುಂಡಿ ಹತ್ರ ನಿಂತು ಕರೆದೆ. ಬಂತು. ತಲೆ ಬಗ್ಗಿಸಿ ನಿಂತ್ಕೊಂತು."

ಕಟ್ಟೆಗೆ ಅದೇ ಜಾಗ ತೋರಿಸಿದವರು ಯಾರೆಂದು ಕೇಳಿದೆ.

"ನಾನೇ. ತೋಡಿ ಅಂದೋನೂ ನಾನೇ, ಮುಚ್ಚಿ ಅಂದೋನೂ ನಾನೇ. ಒಂದೊಂದು ದಿನ ಒಂದೊಂದು ಬುದ್ಧಿ." ಮೊಣಕಾಲು ಹಿಡಿದು ಎದ್ದ. "ಸುಸ್ತಾಗೈತೆ. ಒಂದು ಅಂಗಿ ಹಾಕ್ಕೊಂಡು ಬತ್ತೀನಿ, ನಡೀರಿ."

ಠಾಣೆಗೆ ನಾವಿಬ್ಬರೂ ನಡೆದೇ ಹೋದೆವು. ಮರುದಿನ ಗುಂಡಿ ಮತ್ತೆ ತೆರೆಯಿತು. ನಾನು ಮುಚ್ಚಿಸಿದ್ದಕ್ಕೆ ಇಲಾಖೆಯ ನೋಟಿಸು ಬಂತು, ಅದು ಬರಬೇಕಾದದ್ದೇ. ಕೋರ್ಟಿನಲ್ಲಿ ದೊಡ್ಡೀರಪ್ಪ ಏನನ್ನೂ ಅಲ್ಲಗಳೆಯಲಿಲ್ಲ. ಶಿಕ್ಷೆಯಾದ ಎರಡನೆಯ ಮಳೆಗಾಲದಲ್ಲಿ ಜೈಲಿನಲ್ಲೇ ತೀರಿಕೊಂಡ.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ ದಿನ. ಮೂಳೆಗಳನ್ನು ಮನೆಯವರ ವಶಕ್ಕೆ ಒಪ್ಪಿಸುವ ದಿನ ಕ್ಯಾತಮ್ಮ ನನ್ನನ್ನು ಠಾಣೆಗೆ ಕರೆದುಕೊಂಡು ಹೋದಳು. ಹೆಬ್ಬೆಟ್ಟು ಒತ್ತಿದ ಮೇಲೂ ಬೆಂಚಿನಿಂದ ಏಳಲಿಲ್ಲ.

"ಹಳೇ ಪುಸ್ತಕದಾಗೆ ಅವರ ಹೆಸರಿನ ಮುಂದೆ ಕಳ್ಳ ಅಂತ ಬರ್ದೈತಂತೆ," ಎಂದು ಇನ್‌ಸ್ಪೆಕ್ಟರಿಗೆ ಹೇಳಿದಳು. "ಅದನ್ನ ಏನು ಮಾಡಿದ್ರಿ?"

ಇನ್‌ಸ್ಪೆಕ್ಟರು ಒಂದು ಕ್ಷಣ ಅವಳನ್ನೇ ನೋಡಿ, ಕಡತ ತರಿಸಿ, ಹಳೆಯ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಹೊಸದಾಗಿ ಬರೆದು ಸಹಿ ಮಾಡಿದರು. ಅವಳಿಗೆ ಓದು ಬರುತ್ತಿರಲಿಲ್ಲ. ಕಡತವನ್ನು ನನ್ನತ್ತ ತಳ್ಳಿದಳು. ನಾನು ಓದಿದೆ: "ಪಾತಲಿಂಗನು ಹೋರಿಯನ್ನು ಕದ್ದಿಲ್ಲ. ಆತನು ಊರು ಬಿಟ್ಟು ಹೋಗಿಲ್ಲ."

"ಇನ್ನೊಂದ್ಸಲ ಓದ್ರಿ," ಎಂದಳು.

ನಿಧಾನವಾಗಿ ಇನ್ನೊಮ್ಮೆ ಓದಿದೆ. ಮುಗಿಸಿ ನೋಡಿದರೆ ಅವಳ ತಲೆ ಗೋಡೆಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗಾಢ ನಿದ್ದೆ. ಮುಂದಿನ ದೂರುದಾರರನ್ನು ಕೂಗಲು ಹೊರಟಿದ್ದ ಪೇದೆ ತಡೆದು ನಿಂತು, ಬಾಗಿಲ ಹೊರಗಿದ್ದವರಿಗೆ ಸುಮ್ಮನಿರಿ ಎಂದು ಕೈಸನ್ನೆ ಮಾಡಿದ. ಹಾಡಹಗಲ ಬಿಸಿಲಿನಲ್ಲಿ, ಚಪ್ಪಲಿ ಸದ್ದಾಗದಂತೆ ಕೈಯಲ್ಲಿ ಹಿಡಿದುಕೊಂಡು, ಅವರೆಲ್ಲ ಅಲ್ಲೇ ಕಾಯುತ್ತ ನಿಂತರು.