ಕಂಬಳಿ ಹೊದ್ದ ಮೋಟಾರು

ಸಂಸ್ಥಾನಗಳು ವಿಲೀನವಾಗಿ ರಾಜರೆಲ್ಲ ನಮ್ಮ ನಿಮ್ಮಂತಾದ ಮರುವರ್ಷ, ನಾನು ಮಿರಜಿನ ಗ್ಯಾರೇಜಿನಲ್ಲಿ ಸತ್ತ ಮೋಟಾರೊಂದನ್ನು ಎಬ್ಬಿಸಿ ನಿಲ್ಲಿಸಿದೆ. ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಕೇಳಿದರೆ ನಗುತ್ತಾರೆ, ಅದು ಹೊಟ್ಟೆಕಿಚ್ಚು.

ಮೋಟಾರು ವಿಲಾಯತಿಯದು. ಅದರ ಮೂತಿ ಸಾಂಗ್ಲಿ ಮುಟ್ಟಿದಾಗ ಹಿಂದಿನ ಗಾಲಿ ಇನ್ನೂ ಮಿರಜಿನಲ್ಲೇ ಉರುಳುತ್ತಿರುತ್ತಿತ್ತು, ಅಷ್ಟು ಉದ್ದ. ಸಂಸ್ಥಾನದ ಲಿಲಾವಿನಲ್ಲಿ ಎಲ್ಲರಿಗಿಂತ ಹೆಚ್ಚಿಗೆ ಕೂಗಿ ಅದನ್ನು ಹಿಡಿದವರು ನನ್ನ ಕಾಕಾ ಬಾಳಪ್ಪನವರು, ಸಾಂಗ್ಲಿ ಪೇಟೆಯ ಅರಿಸಿನದ ವ್ಯಾಪಾರಿ. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಟ್ಟು ಮೊಮ್ಮಕ್ಕಳನ್ನು ಕಂಡಿದ್ದವು. ನಾನು ಎಂಜಿನ್ನು ಬಿಚ್ಚಿದೆ, ತೊಳೆದೆ, ಕಟ್ಟಿದೆ. ಮೊದಲ ಸಲ ಚಾಲೂ ಆದಾಗ ಬೆಳಗಾವಿಯ ಕಿಟಕಿಗಳು ಅದುರಿದವು. ತಳದ ತಗಡು ಎಂಥ ಕಾವು ಹಿಡಿಯಿತೆಂದರೆ ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಹಿಟ್ಟು ಇರಲಿಲ್ಲವೆಂದು ಬಿಟ್ಟೆ.

ಸಂಸ್ಥಾನದ ಜೊತೆಗೆ ಮೋಟಾರಿನ ಹಳೆಯ ನಂಬರೂ ಸತ್ತಿತ್ತು. ಹೊಸ ಸರ್ಕಾರದ ಹೊಸ ನಂಬರು ಬೇಕೆಂದರೆ ಇನ್ಸ್‌ಪೆಕ್ಟರು ಓಡಿಸಿ ನೋಡಿ ಪಾಸು ಮಾಡಬೇಕು. ಬಂದವರು ಭೂಪಾಲ ಸಾಹೇಬರು, ಶೇಡಬಾಳ ಕಡೆಯ ಜೈನರು. ಮೋಟಾರಿನಲ್ಲಿ ಒಂದು ಸುತ್ತು ಹಾಕಿ ಬಂದು ಬೂಟು ಕಳಚಿ, ಸುಟ್ಟ ಅಂಗಾಲಿಗೆ ಗಾಳಿ ಊದಿಕೊಂಡರು.

“ಕನ್ನಡಿ ಎಲ್ಲಿ ಅದಾವ್ರಿ?”

“ಕನ್ನಡಿ ಯಾಕ್ರಿ ಸಾಹೇಬ್ರ? ಈ ಗಾಡಿ ಹಿಂದ ಬರೋ ತಾಕತ್ತು ಯಾರಿಗೈತ್ರಿ?”

“ಏನಂದಿ? ಜೋರಾಗಿ ಹೇಳು, ಎಂಜಿನ್ ಒದರತೈತಿ.”

ನಾನು ಮತ್ತೆ ಹೇಳಿದೆ. ಅವರಿಗೆ ಕೇಳಿಸಲೇ ಇಲ್ಲ. ಎಂಜಿನ್ ನಿಲ್ಲಿಸಿ ಅವರೇ ಹೇಳಿದರು: “ಎರಡೂ ಬಾಜೂ ಕನ್ನಡಿ ಹಾಕು. ಈ ಕಾವು, ಈ ಸಪ್ಪಳ ಬಂದ ಮಾಡು. ಬುಧವಾರ ಬರತೀನಿ. ಅವತ್ತೂ ಹಿಂಗ ಇದ್ರ ಗಾಡಿ ಗುಜರಿಗೆ ಹಾಕ್ರಿ.”

ಕಾಕಾ ನನ್ನತ್ತ ತಿರುಗಿದರು. “ಕೇಳಿದೇನ್ಲೇ ಅಪ್ಪಣ್ಣಾ? ಪಾಸಾತಂದ್ರ ಗಾಡಿ ನಿಂದ. ಮಿರಜ ಠೇಸನದಿಂದ ಸಾಂಗ್ಲಿಗೆ ಪ್ಯಾಸೆಂಜರ ಹೊಡಿ. ಆಗಲಿಲ್ಲಂದ್ರ ಅಂಗಡಿಗೆ ಬಂದು ಗಾದಿ ಮ್ಯಾಲ ಕುಂದ್ರು, ಸಾಯೂತನಕ ಅರಿಸಿನ ತೂಗು.”

ಇದು ಸಣ್ಣ ಶಿಕ್ಷೆಯೆಂದು ತಿಳಿಯಬೇಡಿ. ನಮ್ಮ ಮನೆತನದ ಗಂಡಸರು ಬಿಳಿ ಧೋತರ ಉಟ್ಟದ್ದನ್ನು ಭೂಮಿ ಹುಟ್ಟಿದಾಗಿನಿಂದ ಯಾರೂ ಕಂಡಿಲ್ಲ. ಹಾಸಿಗೆ ಹಳದಿ, ಗೋಡೆ ಹಳದಿ, ಸೀನಿದರೂ ಹಳದಿ. ನಮ್ಮ ಮನೆಯ ಬೆಕ್ಕನ್ನು ಹುಲಿಯೆಂದು ತಿಳಿದು ಅಂಚೆಯವನು ಓಡಿಹೋಗಿದ್ದ. ಆ ಗಾದಿಯ ಮೇಲೆ ಕೂತವನು ಅರಿಸಿನದ ಚೀಲವಾಗಿಯೇ ಏಳುತ್ತಾನೆ. ನಾನು ಗಾಳಿಗೆ ಹುಟ್ಟಿದವನು, ರಸ್ತೆಗೆ ಹುಟ್ಟಿದವನು.

ಕನ್ನಡಿಯ ಕೆಲಸ ನನ್ನ ಎಡಗೈ ಆಟ. ಠೇಸನದ ಹತ್ತಿರ ಕ್ಷೌರ ಮಾಡುವ ನಾವಲಿಗನಿಂದ ಮುಖ ದೊಡ್ಡದಾಗಿ ಕಾಣುವ ದುಂಡು ಕನ್ನಡಿಗಳನ್ನು ತಂದು ಕೂರಿಸಿದೆ. ದೊಡ್ಡದಾಗಿ ಕಾಣುವುದು ನನಗೆ ಮೊದಲಿನಿಂದಲೂ ಇಷ್ಟ. ಆದರೆ ಅವುಗಳಲ್ಲಿ ದೂರದ ಎತ್ತಿನ ಗಾಡಿಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡಿದವು. ಅವನ್ನು ಹಿಂದಿರುಗಿಸಿ, ಕಾಕಾನ ಹೆಂಡತಿ ಸುನಂದಾಬಾಯಿ ಕಾಕುವಿನ ಸಪಾಟು ಕನ್ನಡಿಯೊಂದನ್ನು ಬೇಡಿ ತಂದು ಎರಡು ತುಂಡು ಮಾಡಿಸಿದೆ. ಕಬ್ಬಿಣದ ತೋಳು ಬಾಗಿಸಿ, ಕನ್ನಡಿ ನಡುಗದಂತೆ ಬುಡಕ್ಕೆ ಚರ್ಮದ ತುಂಡು ಕೊಟ್ಟು ಬಿಗಿದೆ. ಸೀಟಿನಲ್ಲಿ ಕೂತು, ಹಿಂದಿನ ಮಡ್‌ಗಾರ್ಡಿನ ಅಂಚು ಕನ್ನಡಿಯ ಮೂಲೆಯಲ್ಲಿ ಗೆರೆಯಷ್ಟೇ ಕಾಣುವವರೆಗೆ ತಿರುವಿದೆ. ಉಳಿದ ಕನ್ನಡಿಯ ತುಂಬ ರಸ್ತೆ.

ಕಾವಿಗೆ ಮಾತ್ರ ಬುದ್ಧಿ ಓಡಿಸಬೇಕಾಯಿತು. ಕಾವು, ಸಪ್ಪಳ ಎರಡನ್ನೂ ತಡೆಯುವ ಉಣ್ಣೆಯ ದಪ್ಪ ಹಾಸು, ನಮದಾ, ಮುಂಬಯಿಯಿಂದ ತರಿಸುವಷ್ಟರಲ್ಲಿ ಬುಧವಾರ ಮುಗಿದುಹೋಗುತ್ತಿತ್ತು. ಉಣ್ಣೆಯೇ ಬೇಕಾದರೆ ಕುರಿಗಳಿರುವುದು ಮುಂಬಯಿಯಲ್ಲಲ್ಲ, ಲಿಂಗನೂರಿನಲ್ಲಿ. ಆದರೆ ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಆ ರುಚಿಗೆ ಇಲಿಗಳು ಇಡೀ ಮೋಟಾರನ್ನೇ ತಿಂದಾವು. ಗಂಜಿ ಬಿಟ್ಟ ಹಳೆಯ ಕಂಬಳಿಗಳೇ ಆಗಬೇಕು. ಕುರಿ ಸಾಕುವ ಜ್ಯೋತೆಪ್ಪನವರ ಮನೆಗೆ ಹೋದೆ. ಅವರು ಕುರಿಗಳ ಹಿಂದೆ ಹೋಗಿದ್ದರು. ಅವರ ಹೆಂಡತಿ ಹಣಮವ್ವ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದಳು.

“ಮೋಟಾರಿಗೆ ಕಂಬಳಿ ಯಾಕೋ ಎಪ್ಪಾ? ಥಂಡಿ ಆಗೈತೇನ?”

“ಇಲ್ಲಬೇ ಎವ್ವಾ, ಜ್ವರ ಬಂದೈತಿ. ಮೈ ಮುಟ್ಟಿದ್ರ ಸುಡತೈತಿ.”

“ಹಂಗಾರ ಹೊಚ್ಚಬೇಕ ಬಿಡು. ಅಟ್ಟದ ಮ್ಯಾಲ ಹಳೇವು ಬಿದ್ದಾವು, ತಗೊಂಡ ಹೋಗು. ನನ್ನ ಮಣಕಾಲು ಏರಗೊಡಂಗಿಲ್ಲ.”

ಅಟ್ಟದಲ್ಲಿ ಹಳೆಯ ಕಂಬಳಿಗಳ ರಾಶಿ ಇತ್ತು. ರಾಶಿಯಿಂದ ಆಚೆ, ನಾಲ್ಕು ಮಡಿಕೆ ಮಾಡಿದ ಒಂದು ಕಂಬಳಿ, ದಪ್ಪ, ಬೆಣ್ಣೆಯಂತೆ ಮೆತ್ತಗೆ. ಮೇಲೆಲ್ಲ ಹಳದಿ ಪುಡಿ. ನಮ್ಮ ಮನೆಯಲ್ಲಿ ಹಳದಿ ಪುಡಿ ಕೂತ ಬಟ್ಟೆಯೆಂದರೆ ಚೀಲ ಒರೆಸುವ ಬಟ್ಟೆ. ರಾಶಿಯ ಜೊತೆಗೆ ಅದನ್ನೂ ಕೊಡವಿ ಬಗಲಿಗೆ ಹಾಕಿಕೊಂಡೆ.

ಮಿಕ್ಕವನ್ನು ಅಳತೆಗೆ ಕತ್ತರಿಸಿ, ಎಂಜಿನ್ನಿನ ಮತ್ತು ಸೀಟಿನ ನಡುವಿನ ತಗಡಿಗೂ ಹಿಂದಿನ ತಳಕ್ಕೂ ಡಾಂಬರು ಬಳಿದು ಅಂಟಿಸಿದೆ. ಡ್ರೈವರನ ಕಾಲಡಿಗೆ ಬರುವಷ್ಟರಲ್ಲಿ ಡಾಂಬರು ಮುಗಿಯಿತು. ಅಲ್ಲಿ ಆ ದಪ್ಪ ಕಂಬಳಿಯನ್ನು ಮಡಿಕೆ ಬಿಚ್ಚದೆ ಇಟ್ಟು, ಅಂಚಿಗೆ ಕಟ್ಟಿಗೆಯ ಪಟ್ಟಿ ಬಡಿದೆ. ಚಾಲೂ ಮಾಡಿದರೆ ಸದ್ದೇ ಇಲ್ಲ. ಎಂಜಿನ್ನು ತಿರುಗುತ್ತಿದೆಯೋ ಇಲ್ಲವೋ ಎಂದು ಇಳಿದು ಎರಡು ಸಲ ನೋಡಿದೆ.

ಬುಧವಾರ ಬೆಳಿಗ್ಗೆ ಕಾಕಾ ಬಂದರು, ಸಾಹೇಬರು ಬಂದರು. ಸಾಹೇಬರು ಕನ್ನಡಿ ನೋಡಿ ತಲೆಯಾಡಿಸಿ, ಒಳಗೆ ಹತ್ತಲೆಂದು ಬೂಟು ಎತ್ತಿದರು.

“ಕಾಲು ಇಡಬ್ಯಾಡ್ರಿ ಸಾಹೇಬ್ರ.”

ಹಿಂದೆ ಜ್ಯೋತೆಪ್ಪ ನಿಂತಿದ್ದರು. ಲಿಂಗನೂರಿನಿಂದ ನಡೆದು ಬಂದಿದ್ದರು, ಹೆಗಲ ಮೇಲೆ ಕಂಬಳಿ, ಪಾದದ ತುಂಬ ಧೂಳು.

“ಅಪ್ಪಣ್ಣಾ, ಭಂಡಾರ ಇದ್ದ ಕಂಬಳಿ ಎಲ್ಲಿ?”

“ಯಾವ ಭಂಡಾರರಿ ಮಾವಾ? ಅರಿಸಿನ ಬಿದ್ದದ್ದೊಂದಿತ್ತು.”

“ಅರಿಸಿನಾನ ಅದು. ನಿಮ್ಮ ಅಂಗಡ್ಯಾಂದ. ನಾವು ದೇವರ ಮ್ಯಾಲ ತೂರತೀವಿ. ಆ ಕಂಬಳಿ ನಾಕ ಮಡಿಕಿ ಮಾಡಿ ಅದರ ಮ್ಯಾಲ ದೇವರನ್ನ ಕುಂದ್ರಸತೀವಿ. ಅದು ನಮ್ಮ ಅಜ್ಜನ ಕಾಲದ ಗದ್ದಿಗಿ. ಅದಕ್ಕ ಯಾರೂ ಕಾಲು ತಾಗಸಂಗಿಲ್ಲ. ಎಲ್ಲಿಟ್ಟಿ?”

ನಾನು ಡ್ರೈವರನ ಕಾಲಡಿಯ ತಳವನ್ನು ಬೆರಳಿಂದ ತೋರಿಸಿದೆ. ಸಾಹೇಬರು ಗಾಳಿಯಲ್ಲಿದ್ದ ಬೂಟನ್ನು ಹಾಗೆಯೇ ಹಿಂದೆ ತಂದು ನೆಲಕ್ಕಿಟ್ಟರು.

“ಲಗೂ ತಗದು ಕೊಡಲೇ,” ಎಂದರು ಕಾಕಾ. “ಹಳದಿ ಕಂಡ್ರ ಕಾಲಾಗ ಹಾಕತಿಯಲ್ಲ, ಯಾರ ಮನಿ ಮಗಾ ನೀ?”

“ತಗದ್ರ ಡ್ರೈವರನ ಕಾಲಿಗೆ ಬರೇ ತಗಡರಿ ಕಾಕಾ. ಗಾಡಿ ಪಾಸ ಆಗಂಗಿಲ್ಲ.”

“ಆಗದಿದ್ರ ಗಾದಿ ಐತಿ.”

ಚಪ್ಪಲಿ ಕಳಚಿ, ಕೈ ತೊಳೆದು ಪಟ್ಟಿಗಳನ್ನು ಕಿತ್ತೆ. ಪಟ್ಟಿ ಕಿತ್ತಂತೆ ನನ್ನ ರಸ್ತೆಯೂ ಕಿತ್ತುಬರುತ್ತಿತ್ತು. ಕಂಬಳಿ ಎತ್ತಿ ಎರಡೂ ಕೈಯಿಂದ ಕೊಟ್ಟೆ. ಜ್ಯೋತೆಪ್ಪ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಹರಿದಿರಲಿಲ್ಲ, ಡಾಂಬರು ಹತ್ತಿರಲಿಲ್ಲ. ಹಣೆಗೆ ಮುಟ್ಟಿಸಿಕೊಂಡು ತಲೆಯ ಮೇಲೆ ಇಟ್ಟುಕೊಂಡರು. ಆಮೇಲೆ ಮೋಟಾರಿನೊಳಗೆ ಬಗ್ಗಿ ಬೋಳು ತಗಡು ನೋಡಿದರು.

“ಪಾಸ ಆಗಲಿಲ್ಲಂದ್ರ ಈ ಹುಡುಗ ಅಂಗಡ್ಯಾಗ ಕುಂದರತಾನೇನ್ರಿ ಶೆಟ್ಟರ?”

“ಹೂಂನ್ರಿ. ನಾಳಿಂದ.”

“ಮುಂದ ನಮಗೂ ಭಂಡಾರ ಇವನ ತೂಗಿ ಕೊಡಾಂವ?”

“ಮತ್ಯಾರು?”

ಜ್ಯೋತೆಪ್ಪ ಹೆಗಲ ಮೇಲಿನ ಸ್ವಂತ ಕಂಬಳಿ ಎಳೆದು ನನ್ನ ಕೈಗಿಟ್ಟರು. “ತಗೋ, ಇದನ್ನ ಹಾಸು. ಇಲಿಗೆ ಹುಲಿ ಅನ್ನಾಂವ ಪಾವಿಗೆ ಸೇರು ಅಂದಾನು. ಇವ ತಕ್ಕಡಿ ಹಿಡಿಯೋದು ಬ್ಯಾಡ್ರಿ ಶೆಟ್ಟರ.” ಕಾಕಾ ಆ ಮಾತಿಗೆ ಯೋಚನೆಗೆ ಬಿದ್ದದ್ದು ನನಗೆ ಕಂಡಿತು. “ಆದ್ರ ಒಂದು. ಗದ್ದಿಗಿ ಇದ ಗಾಡ್ಯಾಗ ಮನಿಗೆ ಹೋಗಬೇಕು. ಗದ್ದಿಗಿ ಒಳಗ ಇರೂತನಕ ಯಾರೂ ಕಾಲಾಗ ಏನೂ ಹಾಕ್ಕೊಳ್ಳೂವಂಗಿಲ್ಲ.”

ಕಾಕಾ ಚಪ್ಪಲಿ ಬಿಟ್ಟರು. ಎಲ್ಲರೂ ಸಾಹೇಬರನ್ನು ನೋಡಿದೆವು. ಬಸದಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಬೆಳೆದವರು ಅವರು. ಬೂಟಿನ ಲಾಡಿ ಬಿಚ್ಚಿ ಗ್ಯಾರೇಜಿನ ಬಾಗಿಲಲ್ಲಿಟ್ಟರು. “ಬರಿಗಾಲಾಗ ನೋಡತೀನಿ. ಕಾವು ಐತೋ ಇಲ್ಲೋ ಬೂಟಿಗಿಂತ ಕಾಲಿಗೆ ಚಲೋ ತಿಳೀತೈತಿ.”

ಜ್ಯೋತೆಪ್ಪನವರ ಕಂಬಳಿ ಹಾಸಿ ಪಟ್ಟಿ ಬಡಿದಾದ ಮೇಲೆ ಗಾಡಿ ಸಾಹೇಬರೇ ಓಡಿಸಿದರು. ಪಕ್ಕದಲ್ಲಿ ನಾನು, ಹಿಂದೆ ಕಾಕಾ ಮತ್ತು ತಲೆಯ ಮೇಲೆ ಗದ್ದಿಗೆ ಹೊತ್ತ ಜ್ಯೋತೆಪ್ಪ. ಎರಡೂ ಕನ್ನಡಿಗಳಲ್ಲಿ ಇಡೀ ಮಿರಜು ನಮ್ಮ ಹಿಂದೆ ಮೆರವಣಿಗೆ ಬರುತ್ತಿತ್ತು. ಕಾಕಾ ಈಗಲೂ ಅದು ಒಂದು ನಾಯಿ ಮತ್ತು ಒಂದು ಸೈಕಲ್ ಅನ್ನುತ್ತಾರೆ. ಒಳಗೆ ಗುಡಿಯಂಥ ಶಾಂತಿ. ಇಂಥ ಶಾಂತಿ ಹಾಳಾಗಬಾರದೆಂದು ನಾನು ಎಂಜಿನ್ನಿನ ಕಥೆ ಹೇಳಿದೆ, ಕನ್ನಡಿಯ ಕಥೆ ಹೇಳಿದೆ, ಬೆಳಗಾವಿಯ ಕಿಟಕಿಗಳ ಕಥೆಯನ್ನೂ ಹೇಳಿದೆ. ಒಂದಕ್ಷರವೂ ವ್ಯರ್ಥವಾಗದೆ ಎಲ್ಲರಿಗೂ ಕೇಳಿಸಿತು.

ಲಿಂಗನೂರಿನಲ್ಲಿ ಸಾಹೇಬರು ಬಾಗಿಲು ತೆರೆದು ಬರಿಗಾಲು ಕೆಳಗಿಟ್ಟವರು, ಬಿಸಿಲಿಗೆ ಕಾದ ಮಣ್ಣು ತಾಗಿ ಸಟ್ಟನೆ ಕಾಲೆತ್ತಿ ಮತ್ತೆ ಕಂಬಳಿಯ ಮೇಲೆ ಇಟ್ಟುಕೊಂಡರು. ಯಾರೂ ಏನೂ ಕೇಳುವ ಅಗತ್ಯ ಉಳಿಯಲಿಲ್ಲ. ಕಾಕಾ ನನ್ನ ಬೆನ್ನಿಗೊಂದು ಗುದ್ದು ಹಾಕಿದರು.

ಹಣಮವ್ವ ಹೊಸ್ತಿಲ ಹೊರಗೆ ಬಂದು, ಗದ್ದಿಗೆಯನ್ನು ಸೆರಗಿನಲ್ಲಿ ಇಸಿದುಕೊಂಡು, ಮೋಟಾರಿನ ಮೂತಿಗೆ ಅಂಗೈ ಒತ್ತಿ ನೋಡಿದಳು.

“ಜ್ವರ ಇಳೀತೇನ್ರಿ ಸಾಹೇಬ್ರ?”

“ಗಾಡೀದು ಇಳದೈತಬೇ ಅವ್ವಾ, ಪಾಸ ಮಾಡೀನಿ,” ಎಂದು ಸಾಹೇಬರು ನನ್ನ ಕಡೆ ಕೈ ತೋರಿಸಿದರು. “ಇವಂದು ಬಡಬಡಿಕಿ ಇನ್ನೂ ನಿಂತಿಲ್ಲ.”