ಮೊರಿವಾಕಿ-ಸಾನ್ ಕೇಳಬೇಕೆಂದಿದ್ದ ಸದ್ದು

ಹರಿಪ್ರಸಾದ ಹಾರಿಸಿದ ಕಾಗೆ ಅಂಥಾ ದೊಡ್ಡದೇನಲ್ಲ. ಕೊರೋನಾ ಬರುವುದಕ್ಕೆ ಮುಂಚಿನ ಡಿಸೆಂಬರಿನಲ್ಲಿ, ಜಪಾನಿನ ಅತ್ಸುಗಿಯ ಒಂದು ಹೋಟೆಲಿನಲ್ಲಿ ಆಫೀಸಿನವರ ವರ್ಷದ ಕೊನೆಯ ಪಾರ್ಟಿ ನಡೆದಿತ್ತು. ಸಾಕೆ ಎಂಬ ಅಕ್ಕಿ ಮದ್ಯ ಸ್ವಲ್ಪ ಜಾಸ್ತಿಯೇ ಒಳಗಿಳಿದಿತ್ತು. ಪಕ್ಕದಲ್ಲಿ ಕೂತಿದ್ದ ಮುಖ್ಯಸ್ಥ ಮೊರಿವಾಕಿ-ಸಾನ್, "ನಿಮ್ಮ ಕಡೆ ಹಬ್ಬ ಹೇಗಿರುತ್ತೆ?" ಅಂತ ಕೇಳಿದರು. ದಾವಣಗೆರೆಯವನು ದಾವಣಗೆರೆಯ ಹಬ್ಬ ಹೇಳಿ ಸುಮ್ಮನಾಗಬಾರದಿತ್ತೇ? ಇಲ್ಲ, ಈ ಮಹರಾಯನಿಗೆ ಹೆಂಡತಿಯ ಊರು ನೆನಪಾಯಿತು. ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುತ್ತಾರೆ ಎಂದ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. "ನಾನೂ ಹೊಡೆದಿದ್ದೀನಿ. ಒಂದೇ ಏಟು, ಠಪ್!" ಎಂದುಬಿಟ್ಟ.

ಮೊರಿವಾಕಿ-ಸಾನ್ ಲೋಟ ಕೆಳಗಿಟ್ಟು, "ಠಪ್ ಅಂತಾನಾ?" ಎಂದು ಮಗುವಿನ ಹಾಗೆ ಕೇಳಿದರು.

ಕೋವಿಯ ಮಾತು ಹಾಗಿರಲಿ, ಹರಿಪ್ರಸಾದ ದಸರಾ ಎಕ್ಸಿಬಿಷನ್ನಿನಲ್ಲಿ ಬಲೂನಿಗೂ ಹೊಡೆದವನಲ್ಲ. ಆದರೆ ಮೊರಿವಾಕಿ-ಸಾನ್ ಅದನ್ನು ನಂಬಿದರು. ನಂಬುವುದಕ್ಕೆ ಅವರಿಗೊಂದು ಕಾರಣವೂ ಇತ್ತು. ಕಾರಿನ ಬಿಡಿಭಾಗಗಳ ಅಳತೆ ನೋಡುವ ಆ ವಿಭಾಗದಲ್ಲಿ ಹರಿಪ್ರಸಾದ ಹೊಸಬನಾಗಿದ್ದಾಗ, ತುಂಬಿದ ಮೀಟಿಂಗಿನಲ್ಲಿ ಎದ್ದು ಮುಖ್ಯಸ್ಥ ಮೊರಿವಾಕಿ-ಸಾನ್‌ಗೇ, "ಕಾಚೋ, ನೀವು ತೆಗೆದ ಅಳತೆ ತಪ್ಪು" ಎಂದಿದ್ದ. ಇಡೀ ವಿಭಾಗ ಮೇಜು ನೋಡುತ್ತಾ ಕೂತಿತ್ತು. ಪಕ್ಕದ ಸೀಟಿನ ಕುಬೋಟಾ-ಸಾನ್ ಆಮೇಲೆ ಮೂಲೆಯ ಕೊಂಬಿನಿ ಅಂಗಡಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, ಹಿರಿಯರ ತಪ್ಪನ್ನು ಎಲ್ಲರೆದುರು ಹೇಳಬಾರದು, ಇಲ್ಲಿ ಹೇಳದೆಯೇ ತಿಳಿದುಕೊಳ್ಳಬೇಕು ಅಂತ ಬುದ್ಧಿ ಹೇಳಿದ. ಹರಿಪ್ರಸಾದ ನಾಚಿಕೆಯಿಂದ ನೆಲಕ್ಕಿಳಿದುಹೋದ. ಆದರೆ ಮೊರಿವಾಕಿ-ಸಾನ್ ಮಾತ್ರ ಅಂದಿನಿಂದ ಎಲ್ಲರ ಹತ್ತಿರವೂ ಒಂದೇ ಮಾತು ಹೇಳುತ್ತಿದ್ದರು: "ಪ್ರಸಾದ್-ಸಾನ್ ಸುಳ್ಳು ಹೇಳಲ್ಲ."

ಆಮೇಲೆ ಕೊರೋನಾ ಬಂತು, ಪಾರ್ಟಿಗಳೆಲ್ಲ ನಿಂತವು, ಮನೆಯೇ ಆಫೀಸಾಯಿತು. ಎರಡನೇ ವರ್ಷದ ಮಾರ್ಚ್ ಕೊನೆಗೆ ಮೊರಿವಾಕಿ-ಸಾನ್ ನಿವೃತ್ತಿ. ಹೋಟೆಲಿನಲ್ಲಿ ಬೀಳ್ಕೊಡುಗೆ ಮಾಡುವ ಹಾಗಿಲ್ಲ, ಮಾಡದೆ ಕಳಿಸುವ ಹಾಗೂ ಇಲ್ಲ. ಜನವರಿಯ ಒಂದು ಜೂಮ್ ಮೀಟಿಂಗಿನಲ್ಲಿ ಕುಬೋಟಾ ದಾರಿ ತೋರಿಸಿದ. ಅವನಿಗೆ ಆಟದ ಬಂದೂಕಿನ ಹುಚ್ಚು. ನೋಡಲಿಕ್ಕೆ ಥೇಟ್ ಮಿಲಿಟರಿ ರೈಫಲ್, ಒಳಗೆ ಬ್ಯಾಟರಿ, ಹಾರುವುದು ಪ್ಲಾಸ್ಟಿಕ್ ಗುಂಡು. ಬೆಟ್ಟದ ಬುಡದ ಮೈದಾನ, ತೆರೆದ ಗಾಳಿ, ಎಲ್ಲರಿಗೂ ಮಾಸ್ಕು. ಆ ತುದಿಯಲ್ಲೊಂದು ತೆಂಗಿನಕಾಯಿ ಕಟ್ಟೋಣ, ಈ ತುದಿಯಿಂದ ಹೊಡೆಯೋಣ. "ನಮ್ಮಲ್ಲಿ ಕೊಡಗಿನ ಎಕ್ಸ್‌ಪರ್ಟೇ ಇದ್ದಾರಲ್ಲ!" ಎಂದ. ಪ್ಲಾಸ್ಟಿಕ್ ಗುಂಡಿಗೆ ಕಾಯಿ ಒಡೆಯುವುದಿಲ್ಲವಲ್ಲ, ಅದಕ್ಕೊಂದು ಗಂಟೆ ಕಟ್ಟಿ, ಸದ್ದಾದರೂ ಬರಲಿ ಎಂದರು ಮೊರಿವಾಕಿ-ಸಾನ್. ಪರದೆಯ ಮೇಲೆ ಅವರ ಮುಖ ಅರಳಿತ್ತು. ಮೀಟಿಂಗ್ ಮುಗಿದದ್ದೇ ಹರಿಪ್ರಸಾದ ಹೆಂಡತಿಯ ಹತ್ತಿರ ಓಡಿದ.

"ರೀ, ಆ ಕಾಯಿ ಹೊಡೆದಿದ್ದು ವಿರಾಜಪೇಟೆಯ ನಮ್ಮ ಪಕ್ಕದ ಮನೆ ಪೂಣಚ್ಚ ಅಂಕಲ್" ಎಂದಳು ಹೆಂಡತಿ ಕೋಕಿಲಾ, ನಗು ತಡೆಯಲಾರದೆ. "ನಿಮಗೆ ಕಾಯಿ ತುರಿಯೋಕೂ ಬರಲ್ಲ, ಕೈ ಕುಯ್ಕೋತೀರ. ಫೋನ್ ಮಾಡಿ ನಿಜ ಹೇಳ್ಬಿಡಿ."

"ಕೊನೇ ದಿನ ಆ ಮನುಷ್ಯನ ಮುಂದೆ ಸುಳ್ಳುಗಾರ ಆಗ್ಲಾ? ಸಾಧ್ಯ ಇಲ್ಲ ಕಣೆ. ಕಲಿತೇ ಕಲೀತೀನಿ."

ಅಂದರೆ, ಸುಳ್ಳನ್ನು ಒಪ್ಪಿಕೊಳ್ಳುವುದಕ್ಕಿಂತ ಅದನ್ನು ನಿಜ ಮಾಡುವುದೇ ಸಲೀಸು ಅಂತ ನಮ್ಮ ಎಂಜಿನಿಯರ್ ಸಾಹೇಬರ ಲೆಕ್ಕ. ಕುಬೋಟಾನ ಹತ್ತಿರ, ಬಹಳ ದಿನವಾಯ್ತು, ಕೈ ರೂಢಿ ತಪ್ಪಿದೆ ಅಂತ ಹೇಳಿ ಒಂದು ಸೆಮಿ ಆಟೋಮ್ಯಾಟಿಕ್ ಎರವಲು ತಂದ. ಒತ್ತಿದಷ್ಟು ಸಲ ಒಂದೊಂದೇ ಗುಂಡು ಹಾರುತ್ತದೆ, ಪ್ರತಿ ಸಲವೂ ಹಿಡಿ ಎಳೆದು ಗುಂಡು ತುಂಬಬೇಕಾಗಿಲ್ಲ. ಅದೇ ಕೇಡು. ಮೊದಲನೆಯದು ತಪ್ಪಿತೆಂದು ಪಟಪಟ ಒತ್ತುತ್ತಾ ಹೋಗುವುದು, ಪ್ರತಿಯೊಂದೂ ಹಿಂದಿನದಕ್ಕಿಂತ ದೂರ ಬೀಳುವುದು! ಅಡುಗೆಮನೆಯಿಂದ ಬಾಲ್ಕನಿಯವರೆಗಿನ ಜಾಗವೇ ಅವನ ಮೈದಾನವಾಯಿತು. ಬಿಳಿ ಗುಂಡುಗಳು ಸೋಫಾದ ಕೆಳಗೆ, ಚಪ್ಪಲಿಯೊಳಗೆ, ಒಮ್ಮೆ ದೋಸೆ ಹಿಟ್ಟಿನಲ್ಲೂ ಸಿಕ್ಕವು. ಆನ್‌ಲೈನ್ ಕ್ಲಾಸಿನಲ್ಲಿದ್ದ ಮಗಳು ಸಿಂಧೂರಾ ಬಾಗಿಲು ತೆರೆದು, "ಪಾಪಾ, ಉರುಸಾಯ್!" ಅಂತ ಗಲಾಟೆಗೆ ಜಪಾನಿಯಲ್ಲೇ ಗದರಿ ಮತ್ತೆ ಬಾಗಿಲು ಹಾಕಿಕೊಂಡಳು.

ಶನಿವಾರಗಳಂದು ಬೆಟ್ಟದ ಮೈದಾನಕ್ಕೆ ಒಬ್ಬನೇ ಹೋಗತೊಡಗಿದ. ಅಲ್ಲಿ ಅವನ ವೃತ್ತಿ ಕೈಹಿಡಿಯಿತು. ಗುಂಡುಗಳೆಲ್ಲ ಅಂಗೈಯಗಲದ ಜಾಗದಲ್ಲೇ ಬೀಳುತ್ತಿವೆ, ಆದರೆ ಗುರಿಯಿಂದ ಮೊಳ ದೂರಕ್ಕೆ. ಅಳತೆಯವನಿಗೆ ಇದು ಗೊತ್ತಿದ್ದ ರೋಗ. ಕೈ ನೆಟ್ಟಗಿದೆ, ಬಂದೂಕಿನ ಮೇಲಿನ ದುರ್ಬೀನು ಸೊಟ್ಟಗಿದೆ. ತಿರುಪು ತಿರುಗಿಸಿದ. ಹಗುರದ ಗುಂಡು ಬಿಟ್ಟು ಭಾರದ್ದು ಹಾಕಿದ, ಗಾಳಿಗೆ ಅಲ್ಲಾಡುವುದು ಕಡಿಮೆಯಾಯಿತು. ಉಸಿರು ಅರ್ಧ ಬಿಟ್ಟು ತಡೆದು, ಬೆರಳನ್ನು ಬೆಣ್ಣೆಯೊಳಗೆ ಇಳಿಸಿದಂತೆ ಒತ್ತುವುದು ಕಲಿತ. ಒಂದು ಹೊಡೆದ ಮೇಲೆ ನಳಿಗೆ ಅಲ್ಲಾಡದೆ ನಿಲ್ಲುವವರೆಗೆ ಇನ್ನೊಂದು ಒತ್ತದಿರುವುದು ಎಲ್ಲಕ್ಕಿಂತ ಕಷ್ಟವಾಯಿತು, ಅದನ್ನೂ ಕಲಿತ. ಮಾಸ್ಕಿನಿಂದ ಕನ್ನಡಕಕ್ಕೆ ಆವಿ ಹತ್ತುತ್ತಿತ್ತು, ಮೂಗಿನ ಮೇಲೆ ಟೇಪು ಅಂಟಿಸಿದ. ಮಾರ್ಚ್ ಮಧ್ಯದ ಹೊತ್ತಿಗೆ ಮೈದಾನದ ಆ ತುದಿಯಲ್ಲಿ ನೇತುಹಾಕಿದ ತಟ್ಟೆ ಅವನು ಒತ್ತಿದಾಗಲೆಲ್ಲ ಠಣ್ ಎನ್ನುತ್ತಿತ್ತು. ಅಬ್ಬಾ, ಅವನ ಖುಷಿ ನೋಡಬೇಕಿತ್ತು! ಸುಳ್ಳು ನಿಜವಾಗಿತ್ತು.

ಬೀಳ್ಕೊಡುಗೆಯ ದಿನ ಎಲ್ಲರೂ ದೂರ ದೂರ ಸಾಲಾಗಿ ನಿಂತರು. ಆ ತುದಿಯಲ್ಲಿ ಕುಬೋಟಾ ಆನ್‌ಲೈನಿನಲ್ಲಿ ತರಿಸಿದ ಕಾಯಿ, ಅದರ ಕೆಳಗೆ ಗಂಟೆ. ಒಬ್ಬೊಬ್ಬರಿಗೂ ಮೂರು ಗುಂಡು, ಮೊರಿವಾಕಿ-ಸಾನ್ ಸರದಿ ಕೊನೆಗೆ. ಮೊದಲಿನವರು ಹೊಡೆದರು, ತಪ್ಪಿತು. ಮುಂದಿನವರದೂ ತಪ್ಪಿತು. ಆಮೇಲೆ ಕುಬೋಟಾ ಬಂದ. ಕಣ್ಣು ಮುಚ್ಚಿ ಹೊಡೆದರೂ ಗಂಟೆ ಬಾರಿಸುವ ಆಸಾಮಿ, ಮೂರನ್ನೂ ಹುಲ್ಲಿಗೆ ಹೊಡೆದು, "ಅಯ್ಯೋ, ಗಾಳಿ!" ಎಂದ. ಮೈದಾನದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಹರಿಪ್ರಸಾದನಿಗೆ ಆಗ ಹೊಳೆಯಿತು. ಗಂಟೆ ಬಾರಿಸುವ ಮರ್ಯಾದೆ ಮೊರಿವಾಕಿ-ಸಾನ್ ಒಬ್ಬರದ್ದು. ಯಾರೂ ಯಾರಿಗೂ ಹೇಳಿಲ್ಲ, ಎಲ್ಲರಿಗೂ ಗೊತ್ತು. ಛೆ, ಹಾಗಾದರೆ ಏನೂ ಕಲಿಯದೆ ಬಂದು ಆಕಾಶಕ್ಕೆ ಹೊಡೆದಿದ್ದರೂ ಎಷ್ಟು ಸಭ್ಯ ಮನುಷ್ಯ ಅಂತ ಅನ್ನಿಸಿಕೊಳ್ಳುತ್ತಿದ್ದನಲ್ಲ! ಒಳಗೊಳಗೇ ಉರಿದುಹೋಯಿತು. ಅವನ ಸರದಿ ಬಂತು. ಬೆರಳು ತುರಿಸುತ್ತಿತ್ತು. ದುರ್ಬೀನಿನ ನಟ್ಟನಡುವೆ ಕಾಯಿ ಕಾಣುತ್ತಿತ್ತು. ಮೀಟಿಂಗಿನಲ್ಲಿ ಮೇಜು ನೋಡುತ್ತಾ ಕೂತ ಮುಖಗಳೂ ನೆನಪಾದವು. ಮತ್ತೆ ಆ ತಪ್ಪು ಮಾಡಬಾರದು. ನಳಿಗೆಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ, ಉಸಿರು ತಡೆದು, ಮೂರು ಗುಂಡನ್ನೂ ಕಾಯಿಯ ಪಕ್ಕದಲ್ಲೇ ಹಾಯಿಸಿದ. ಕುಬೋಟಾ ಮೆಚ್ಚಿ ತಲೆಬಾಗಿದ. ಅಂತೂ ಈ ದೇಶ ಅರ್ಥವಾಯಿತಲ್ಲ ಅಂತ ಹರಿಪ್ರಸಾದನಿಗೆ ಹೆಮ್ಮೆಯೆನಿಸಿತು.

ಕೊನೆಗೆ ಮೊರಿವಾಕಿ-ಸಾನ್ ಹೊಡೆದರು. ಮೂರೂ ಎತ್ತೆತ್ತಲೋ ಹೋದವು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಮೈದಾನ ಮುಚ್ಚುವ ಹೊತ್ತಾಗಿತ್ತು, ಸಾಮಾನು ಕಟ್ಟಿದರು.

ಕಾರು ನಿಲ್ಲಿಸಿದಲ್ಲಿಗೆ ಮೊರಿವಾಕಿ-ಸಾನ್ ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ ತಂದು ಅವನ ಕೈಗಿಟ್ಟರು. "ನನ್ನ ಕಣ್ಣಿಗೆ ಪೊರೆ ಬಂದಿದೆ, ಅಷ್ಟು ದೂರ ಏನೂ ಕಾಣಲ್ಲ. ಅದಕ್ಕೇ ಗಂಟೆ ಕಟ್ಟಿಸಿದ್ದು" ಎಂದರು. "ನನಗೋಸ್ಕರ ಎಲ್ಲರೂ ಗುರಿ ತಪ್ಪಿಸ್ತಾರೆ ಅಂತ ಗೊತ್ತಿತ್ತು. ವರ್ಷಗಟ್ಟಲೆ ನನ್ನ ಮುಂದೆ ಹೀಗೇ ತಪ್ಪಿಸ್ತಾ ಬಂದಿದ್ದಾರೆ. ನೀವೊಬ್ಬರು ಹೊಡೀತೀರಿ, ಸದ್ದು ಕೇಳ್ತೀನಿ ಅಂದುಕೊಂಡಿದ್ದೆ."

"ಸುಮಿಮಾಸೆನ್, ಕಾಚೋ... ನಾನು ಬೇಕಂತಲೇ..." ಹರಿಪ್ರಸಾದ ಕ್ಷಮೆ ಕೇಳತೊಡಗಿದ.

"ಗೊತ್ತು. ಪಕ್ಕದಲ್ಲೇ ನಿಂತಿದ್ದೆ, ನಿಮ್ಮ ಕೈ ನಡುಗಲಿಲ್ಲ" ಎಂದರು. "ನೀವೂ ಕಲಿತುಬಿಟ್ಟಿರಿ." ಬಾಗಿ ನಮಸ್ಕರಿಸಿ ಕಾರು ಹತ್ತಿದರು.

ಮನೆಗೆ ಬಂದಾಗ ಕೋಕಿಲಾ ಬಾಗಿಲಲ್ಲೇ ಕೇಳಿದಳು, "ಏನ್ರೀ, ಮಾನ ಉಳೀತಾ?"

"ಉಳೀತು" ಎಂದು ಕಾಯಿ ಕೊಟ್ಟ.

ಗೀಚೂ ಬೀಳದ ಕಾಯಿಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಸಿಂಕಿನ ಹತ್ತಿರ ಹೋಗಿ ಕತ್ತಿಯ ಹಿಂಭಾಗದಿಂದ ಒಂದೇ ಏಟು ಹಾಕಿದಳು.

ಠಪ್ ಅಂತು. ಹರಿಪ್ರಸಾದ ಬಂದೂಕಿನ ಚೀಲ ಹೆಗಲಲ್ಲೇ ಇಟ್ಟುಕೊಂಡು ನಡುಮನೆಯಲ್ಲಿ ನಿಂತು ಅತ್ತುಬಿಟ್ಟ.