ಬಾಣಂತಿ ಕೋಣೆಯ ಇಟ್ಟಿಗೆ

ನಾನು ಒಂದು ಮಣ್ಣಿನ ಇಟ್ಟಿಗೆ. ಭಟ್ಟಿಯ ಬೆಂಕಿ ಕಾಣದೆಯೇ ಗಟ್ಟಿಯಾದ ಜಾತಿ ನಮ್ಮದು. ಅದಕ್ಕೇ ಕೊಂಚ ಸೊಕ್ಕು. ಕಲಬುರಗಿಯ ಹೊರವಲಯದಲ್ಲಿ ರೇವಣಸಿದ್ಧಪ್ಪ ಎಂಬ ಬಸ್ ಮೆಕ್ಯಾನಿಕ್ ಮಳೆನೀರಿನ ತೊಟ್ಟಿಗೆಂದು ಗುಂಡಿ ತೋಡಿಸಿದ. ಅದರಿಂದ ಬಂದ ಗರಸುಮಣ್ಣಿಗೆ ಸುಣ್ಣ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಗೋಣಿಚೀಲ ಹೊದಿಸಿ ಮೂರು ವಾರ ನೀರುಣಿಸಿದರು. ಗುಂಡಿ ಮಳೆ ಹಿಡಿಯಿತು, ನಾವು ಗೋಡೆಯಾದೆವು.

ಊರೆಲ್ಲ ಕಾದ ಹಂಚಿನಂತಿದ್ದರೂ ನಮ್ಮೊಳಗೆ ತಂಪಿತ್ತು. ಪಡುವಣ ಗೋಡೆಗೆ ಬೇವಿನ ನೆರಳು. ಸೂರಿನಡಿಯ ಕಿಂಡಿಗಳಿಂದ ಕಾವು ಹೊರಗೆ ಹೋಗುತ್ತಿತ್ತು. ರೇವಣಸಿದ್ಧಪ್ಪನ ಹೆಂಡತಿ ಚಂದಮ್ಮನಿಗೆ ತಾಯಿಯಿರಲಿಲ್ಲ. ತವರಿಗೆ ಹೋಗದೆ ಕಡುಬೇಸಿಗೆಯಲ್ಲಿ ಇಲ್ಲೇ ಹೆತ್ತಳು. ನಮ್ಮ ಕಡೆ ಬಾಣಂತಿಗೆ ಗಾಳಿ ತಾಗಬಾರದು: ಕಿಟಕಿ ಮುಚ್ಚಬೇಕು, ಫ್ಯಾನು ಹಾಕಬಾರದು. ಆದರೂ ಕೂಸು ಮಹಾನಂದಾ ನನ್ನ ಪಕ್ಕದಲ್ಲಿ ಕಣ್ತುಂಬ ನಿದ್ದೆ ಮಾಡಿದಳು.

"ನನಗ ಯಾರೂ ಬಾಣಂತನ ಮಾಡ್ಲಿಲ್ಲ. ನನ್ನ ಮಗಳಿಗಿ ಇದೇ ಖೋಲ್ಯಾಗ ನಾನೇ ಮಾಡ್ತೀನಿ," ಎಂದು ಚಂದಮ್ಮ ನನ್ನ ಮೈ ಸವರಿ ಹೇಳುತ್ತಿದ್ದಳು. ಅದೊಂದೇ ಅವಳ ಆಸೆ.

ವರ್ಷಗಳು ಉರುಳಿ ಮಹಾನಂದಾ ಮದುವೆಗೆ ಬಂದಳು. ಅವಳನ್ನು ನೋಡಲು ಬಂದ ಗಂಡಿನ ತಾಯಿ ಉಗುರಿನಿಂದ ನನ್ನನ್ನೇ ಗೀರಿದಳು. "ಮಣ್ಣಿನ ಮನಿ ಅದಲ್ರಿ! ನಾಕ್ ಮಂದಿ ನೋಡಿದ್ರ ಏನಂತಾರ?"

ಅಷ್ಟೇ ಸಾಕಾಯಿತು. ಮಾನಕ್ಕಂಜಿದ ರೇವಣಸಿದ್ಧಪ್ಪ ಲಗ್ನಕ್ಕೆ ಮೊದಲು ನಮಗೆಲ್ಲ ಸಿಮೆಂಟಿನ ಗಿಲಾವು ಮೆತ್ತಿಸಿ ಎಣ್ಣೆಬಣ್ಣ ಬಳಿಸಿದ. ಚೆಂದ ಕಾಣಲೆಂದು ಕಿಂಡಿಗಳನ್ನು ಮುಚ್ಚಿಸಿದ. ಹಂದರಕ್ಕೆ ಅಡ್ಡವೆಂದು ಬೇವು ಕಡಿಸಿದ. ಕೋಣೆಯ ತಂಪು ಎಲ್ಲಿಂದ ಬರುತ್ತದೆಂದು ಬಲ್ಲ ಚಂದಮ್ಮ ತುಟಿ ಬಿಚ್ಚಲಿಲ್ಲ. ಅವಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮುಂದಿನ ಏಪ್ರಿಲ್‌ನಲ್ಲಿ ಮಹಾನಂದಾ ಚೊಚ್ಚಲ ಹೆರಿಗೆಗೆ ಬಂದಳು. ಆಸ್ಪತ್ರೆಯಿಂದ ತಂದ ಕೂಸನ್ನು ಅದೇ ಕೋಣೆಯಲ್ಲಿ ಮಲಗಿಸಿದರು. ಚಂದಮ್ಮ ಬಾಣಂತಿ ತಿನ್ನಲೆಂದು ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿದ್ದಳು. ಗಿಲಾವಿನೊಳಗೆ ನನಗೆ ಉಸಿರು ಕಟ್ಟಿತ್ತು. ಸಂಜೆಯ ಬಿಸಿಲೆಲ್ಲ ನೇರ ಗೋಡೆಗೆ. ಕಾವು ಹೋಗಲು ದಾರಿಯಿಲ್ಲ. ಕೂಸಿನ ಮೈತುಂಬ ಬೆವರುಸಾಲೆ ಎದ್ದಿತು. ಚಂದಮ್ಮ ಕಟ್ಟಳೆ ಮುರಿದು ಫ್ಯಾನು ಹಾಕಿದಳು. ಅದು ಬಿಸಿಗಾಳಿಯನ್ನೇ ತಿರುವಿತು. ಒಂಬತ್ತನೆಯ ದಿನ ಕೂಸಿಗೆ ಜ್ವರ ಬಂತು. ತಂಪಾದ ಜಾಗದಲ್ಲಿಡಿ ಎಂದರು ಡಾಕ್ಟರು.

ಬೀಗತಿ ಕಾರು ತಂದಳು. "ನಮ್ಮನ್ಯಾಗ ಎಸಿ ಅದ. ಕರ್ಕೊಂಡ್ ಹೋಗ್ತೀವಿ, ತಪ್ಪ ತಿಳಿಬ್ಯಾಡ್ರಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಮಹಾನಂದಾ ತಾಯಿಯ ಸೆರಗು ಹಿಡಿದು ಅತ್ತಳು. ಕೂಸಿನ ಮೈ ಸುಡುತ್ತಿತ್ತು. ಚಂದಮ್ಮ ತಾನೇ ಆ ಬೆರಳುಗಳನ್ನು ಬಿಡಿಸಿ ಮಗಳನ್ನು ಕಾರಿನಲ್ಲಿ ಕೂರಿಸಿದಳು.

ಮರುದಿನ ರೇವಣಸಿದ್ಧಪ್ಪ ಸುತ್ತಿಗೆ, ಉಳಿ ಹಿಡಿದ. "ನಾನೇ ಕಟ್ಟಿದೆ, ನಾನೇ ಕೆಡಸ್ದೆ," ಎನ್ನುತ್ತ ಗಿಲಾವು ಕಿತ್ತ. ಸಿಮೆಂಟು ಸುಮ್ಮನೆ ಬಂದೀತೆ? ನನ್ನ ಅರ್ಧ ಮೈಯನ್ನೂ ಕಿತ್ತುಕೊಂಡು ಬಂತು. ಉಳಿದರ್ಧ ತೆಗೆದು ಅಂಗಳದ ಮೂಲೆಗೆ ಹಾಕಿ, ನನ್ನ ಜಾಗಕ್ಕೆ ಹೊಸಬನನ್ನು ಕೂರಿಸಿದ. ಕಿಂಡಿಗಳನ್ನೂ ತೆರೆದ.

ಮಳೆ ಬಂದಾಗ ನಾನು ಚೂರುಚೂರೇ ಕರಗುತ್ತೇನೆ. ಅದು ನನಗೆ ಸಾವಲ್ಲ. ಕಲಸಿ ಒತ್ತಿದರೆ ಮತ್ತೆ ಇಟ್ಟಿಗೆಯಾದೇನು. ಚೊಚ್ಚಲ ಬಾಣಂತನ ಹಾಗೆ ತಿರುಗಿ ಬರುವುದಿಲ್ಲ. ಕೂಸು ಅಲ್ಲಿ ಗುಣವಾಯಿತಂತೆ. ಅಂಟಿನುಂಡಿಯ ಡಬ್ಬಿಯನ್ನು ಗಂಡನ ಕೈಯಲ್ಲಿ ಬೀಗರ ಮನೆಗೆ ಕಳಿಸಿ, ಚಂದಮ್ಮ ತಣ್ಣಗಾದ ಆ ಕೋಣೆಯ ಬರಿನೆಲದ ಮೇಲೆ ಒಬ್ಬಳೇ ಮಲಗಿದಳು.